ಪ್ರತಿ ಸಾಲೂ ಸರಿ, ಪಟ್ಟಿಯೇ ತಪ್ಪು

ಹೊರಗಿನಿಂದ ಬರುವ ಮಾಹಿತಿಗೆ ಬಾಗಿಲಲ್ಲೇ ಒಂದು ಸ್ಕೀಮಾ ಕೂರಿಸಿಬಿಟ್ಟರೆ ಮುಗಿಯಿತು, ಒಳಗೆ ನಿಶ್ಚಿಂತೆ. ಸಾಫ್ಟ್‌ವೇರ್ ಬರೆಯುವವರ ನಡುವೆ ಈಗ ಯಾರೂ ಪ್ರಶ್ನಿಸದೆ ಒಪ್ಪಿಕೊಂಡಿರುವ ಮಾತು ಇದು. ಜಾವಾಸ್ಕ್ರಿಪ್ಟ್ ಮಂದಿ ಅದಕ್ಕೆ ಝಾಡ್ ಎಂಬ ಲೈಬ್ರರಿ ಹಾಕುತ್ತಾರೆ, ಪೈಥಾನ್ ಮಂದಿ ಪೈಡಾಂಟಿಕ್ ಹಾಕುತ್ತಾರೆ. ಒಂದು ದಾಖಲೆ ಹೇಗಿರಬೇಕು ಎಂದು ಟೈಪ್ ಬರೆದುಕೊಂಡರೆ ಸಾಕು, ಅಂಥ ಸಾವಿರ ದಾಖಲೆಗಳ ಪಟ್ಟಿಗೆ, ಅಂದರೆ ಅರೇಗೆ, ಬೇರೆ ಕೆಲಸವೇ ಇಲ್ಲ. ಅದೇ ಟೈಪಿಗೆ ಅರೇ ಎಂಬ ಹೊದಿಕೆ ಹೊದಿಸಿದರಾಯಿತು. ಲೈಬ್ರರಿ ಒಂದೊಂದನ್ನೇ ಎತ್ತಿ ನೋಡುತ್ತದೆ, ಎಲ್ಲವೂ ಪಾಸಾದರೆ ಪಟ್ಟಿಯೂ ಪಾಸು. ನೋಡಲು ಎಷ್ಟು ಚೊಕ್ಕ! ಇಷ್ಟು ಚೊಕ್ಕವಾಗಿರುವುದರಿಂದಲೇ ಇದರ ಪೊಳ್ಳುತನ ಯಾರ ಕಣ್ಣಿಗೂ ಬಿದ್ದಿಲ್ಲ ಎಂಬುದು ನನ್ನ ತಕರಾರು. ಪಟ್ಟಿಗೆ ಅದರ ಸಾಲುಗಳ ಸತ್ಯಕ್ಕಿಂತ ಬೇರೆಯಾದ ತನ್ನದೇ ಒಂದು ಸತ್ಯವಿರುತ್ತದೆ. ಅದನ್ನು ಮುಟ್ಟದ ಪರೀಕ್ಷೆಯನ್ನು ಪರೀಕ್ಷೆ ಎಂದು ಕರೆಯುವುದೇ ತಪ್ಪು.

ಗಾಳಿಯಲ್ಲಿ ವಾದಿಸುವುದು ಬೇಡ. ಬೆಳಗಾವಿ ಜಿಲ್ಲೆಯ ಶಿರಗುಪ್ಪಿಯಂಥ ಊರಿನ ಒಂದು ಉತಾರ ಹಿಡಿದುಕೊಂಡು ಮಾತಾಡೋಣ. ಕಂದಾಯ ಇಲಾಖೆ ಪಹಣಿ ಎನ್ನುವ, ಅರ್ಜಿಗಳಲ್ಲಿ ಆರ್‌ಟಿಸಿ ಎಂದಿರುವ ಹಾಳೆಗೆ ಈ ಕಡೆ ಉತಾರ ಎಂದೇ ಹೆಸರು. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆ ರಾಜ್ಯದ ಸುಮಾರು 67 ಲಕ್ಷ ರೈತರ, ಸುಮಾರು 2 ಕೋಟಿ ಪಹಣಿಗಳನ್ನು ತಲಾಟಿಯ ಕೈಬರಹದಿಂದ ಕಂಪ್ಯೂಟರಿಗೆ ತಂದಿತು. ದೇಶವೇ ತಿರುಗಿ ನೋಡಿದ ಕೆಲಸ ಅದು, ಅದರ ಬಗ್ಗೆ ನನಗೆ ಗೌರವವಿದೆ. ನನ್ನ ಜಗಳ ಇರುವುದು ಆ ಮಾಹಿತಿಯನ್ನು ಈಗ ಎತ್ತಿಕೊಂಡು ಆ್ಯಪ್ ಕಟ್ಟುವ ಹೊಸ ತಲೆಮಾರಿನ ಜೊತೆ. ಅವರು ಕ್ಷೇತ್ರ ಎಂಬ ಕಾಲಂ ಕಂಡ ಕೂಡಲೇ ಏನು ಬರೆಯುತ್ತಾರೆ ಗೊತ್ತೇ? ನಂಬರ್. ಬಹಳ ಎಚ್ಚರದವರಾದರೆ, ಸೊನ್ನೆಗಿಂತ ಹೆಚ್ಚಿನ ನಂಬರ್.

ಒಬ್ಬ ರೈತನ ಹೊಲ 2 ಎಕರೆ 30 ಗುಂಟೆ ಎನ್ನಿ. ಹಾಳೆಯ ಮೇಲೆ ಅದು ಚುಕ್ಕೆ ಹಾಕಿ 2.30 ಎಂದು ಕೂರುತ್ತದೆ. 33 ಅಡಿ ಉದ್ದ, 33 ಅಡಿ ಅಗಲದ ಜಾಗ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಒಂದು ಗುಂಟೆಗೆ 16 ಆಣೆ. ಈ ಲೆಕ್ಕದಲ್ಲಿ ಚುಕ್ಕೆ ದಶಮಾಂಶದ ಚುಕ್ಕೆಯಲ್ಲ, ಎಕರೆಯನ್ನೂ ಗುಂಟೆಯನ್ನೂ ಬೇರೆ ಮಾಡುವ ಗೆರೆ ಅಷ್ಟೆ. ಸ್ಪ್ರೆಡ್‌ಶೀಟಿನಲ್ಲಿ 2.30 ಎಂದು ಹೊಡೆದರೆ ಕೊನೆಯ ಸೊನ್ನೆಗೆ ಬೆಲೆಯಿಲ್ಲವೆಂದು ಅದು 2.3 ಮಾಡಿಡುತ್ತದೆ. ಮುಂದಿನವನು ಚುಕ್ಕೆಯ ಆಚೆಗಿರುವುದು ಗುಂಟೆ ಎಂದು ತಿಳಿದವನಾದರೆ ಅದನ್ನು 2 ಎಕರೆ 3 ಗುಂಟೆ ಎಂದು ಓದುತ್ತಾನೆ. ಗುಂಟೆಯ ಗಂಧವೇ ಇಲ್ಲದವನಾದರೆ ಎರಡು ಮುಕ್ಕಾಲು ಎಕರೆಯ ಹೊಲ ದಶಮಾಂಶದಲ್ಲಿ 2.3 ಎಕರೆಯಾಗುತ್ತದೆ, ಅಂದರೆ 2 ಎಕರೆ 12 ಗುಂಟೆ. ಒಂದೇ ಹೊಲ, ಮೂರು ಅಳತೆ. ಸ್ಕೀಮಾಕ್ಕೆ ಮೂರೂ ನಂಬರ್, ಮೂರೂ ಸೊನ್ನೆಗಿಂತ ಹೆಚ್ಚು, ಮೂರೂ ಪಾಸು.

ಇದು ಅಂಕಿಯ ಆಟವಲ್ಲ, ದುಡ್ಡಿನ ಪ್ರಶ್ನೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ಈ ಭಾಗದ ಕಬ್ಬಿನ ಹೊಲಗಳು ಮುಳುಗಿದಾಗ ನೀರಾವರಿ ಬೆಳೆಗೆ ಕೇಂದ್ರದ ಮಾರ್ಗಸೂಚಿಯಂತೆ ಹೆಕ್ಟೇರಿಗೆ 13,500 ರೂಪಾಯಿ ಪರಿಹಾರವಿತ್ತು, ರಾಜ್ಯ ಸರ್ಕಾರ ಅದರ ಮೇಲೆ 10,000 ಸೇರಿಸಿತು. ಮಿತಿ 2 ಹೆಕ್ಟೇರ್. ಮೂವತ್ತು ಗುಂಟೆ ಮೂರು ಗುಂಟೆಯಾದರೆ 27 ಗುಂಟೆ ಮಾಯ. ಆ ದರದಲ್ಲಿ ಅದರ ಬೆಲೆ ಸುಮಾರು 6,400 ರೂಪಾಯಿ. ಹೀಗೆ ಆಗಿಯೇ ಹೋಯಿತು ಎಂದು ನಾನು ಯಾರ ಮೇಲೂ ದೂರುತ್ತಿಲ್ಲ. ಹೀಗಾಗದಂತೆ ತಡೆಯುವ ಶಕ್ತಿ ಈ ಜನ ಕೊಂಡಾಡುವ ಪರೀಕ್ಷೆಗೆ ಇಲ್ಲ ಎನ್ನುತ್ತಿದ್ದೇನೆ.

ಇನ್ನೂ ಒಂದು ತಮಾಷೆ ಇದೆ. ಶಿರಗುಪ್ಪಿಯಿಂದ ಮಹಾರಾಷ್ಟ್ರದ ಗಡಿ ದೂರವಿಲ್ಲ. ಈ ಸೀಮೆಯಲ್ಲಿ ಎರಡೂ ರಾಜ್ಯಗಳಲ್ಲಿ ಹೊಲ ಇರುವ ಮನೆತನಗಳು ಅಪರೂಪವಲ್ಲ. ಮಹಾರಾಷ್ಟ್ರದ ಉತಾರವಾದ ಸಾತಬಾರಾದಲ್ಲಿ ಕ್ಷೇತ್ರ ಇರುವುದು ಹೆಕ್ಟೇರ್ ಮತ್ತು ಆರ್‌ಗಳಲ್ಲಿ. 100 ಆರ್‌ಗೆ ಒಂದು ಹೆಕ್ಟೇರ್, ಹಾಗಾಗಿ ಅಲ್ಲಿ 1.30 ಎಂಬುದು ನಿಜವಾಗಿಯೂ ದಶಮಾಂಶ, ಕೂಡಿದರೂ ಕಳೆದರೂ ಏನೂ ಕೆಡುವುದಿಲ್ಲ. ಅದೇ 1.30 ಗಡಿಯ ಈಚೆಗೆ ಬಂದರೆ ಒಂದು ಎಕರೆ ಮೂವತ್ತು ಗುಂಟೆ. ಆಚೆಯದು ಮೂರು ಎಕರೆಗಿಂತ ಹೆಚ್ಚಿನ ಹೊಲ, ಈಚೆಯದು ಎರಡು ಎಕರೆಯೂ ಅಲ್ಲ. ಎರಡೂ ಉತಾರಗಳನ್ನು ಒಂದೇ ಅರೇಗೆ ಸುರಿದು ನೋಡಿ. ನಂಬರುಗಳ ಅರೇ ತಾನೇ, ಲೈಬ್ರರಿ ನಗುನಗುತ್ತಾ ಒಳಗೆ ಬಿಡುತ್ತದೆ.

ಇಲ್ಲಿಗೆ ಬಂದಾಗ ಎದುರುಪಕ್ಷದವರು ಒಂದು ಒಳ್ಳೆಯ ಮಾತು ಹೇಳುತ್ತಾರೆ. ತಪ್ಪು ಟೈಪಿನದು, ಸ್ಕೀಮಾದ್ದಲ್ಲ. ನಂಬರ್ ಎಂದು ಯಾಕೆ ಬರೆದಿರಿ, ಎಕರೆ, ಗುಂಟೆ, ಆಣೆ ಮೂರಕ್ಕೂ ಬೇರೆ ಬೇರೆ ಅಂಕಣ ಕೊಟ್ಟು, ಗುಂಟೆ 40ಕ್ಕಿಂತ ಕಡಿಮೆ, ಆಣೆ 16ಕ್ಕಿಂತ ಕಡಿಮೆ ಎಂದು ಬರೆಯಿರಿ ಎನ್ನುತ್ತಾರೆ. ಪೂರ್ತಿ ಒಪ್ಪುತ್ತೇನೆ. ಬರೆಯಲೇಬೇಕು. ಬರೆಯದವನ ಬಗ್ಗೆ ನನಗೆ ಕನಿಕರವೂ ಇಲ್ಲ. ಆದರೆ ಅಷ್ಟು ಮಾಡಿದ ಮೇಲೂ ಸರಿಯಾದದ್ದು ಒಂದು ಸಾಲು ಮಾತ್ರ. ನಾನು ಕೇಳುತ್ತಿರುವುದು ಪಟ್ಟಿಯ ವಿಷಯ.

ಉತಾರದ 3ನೇ ಕಾಲಂನಲ್ಲಿ ಸರ್ವೆ ನಂಬರಿನ ಒಟ್ಟು ಕ್ಷೇತ್ರ ಇರುತ್ತದೆ. ಅದರಲ್ಲಿ ಸಾಗುವಳಿಗೆ ಬಾರದ ಫೂಟ್ ಖರಾಬ್ ಕಳೆದು ಉಳಿದದ್ದು ಸಾಗುವಳಿಗೆ. 9ನೇ ಕಾಲಂನಲ್ಲಿ ಮಾಲೀಕರ ಹೆಸರು, ಅವರವರ ಪಾಲಿನ ಕ್ಷೇತ್ರ, ಖಾತೆ ನಂಬರ್. ಪಾಲುಗಳೆಲ್ಲ ಕೂಡಿ ಸಾಗುವಳಿ ಕ್ಷೇತ್ರಕ್ಕೆ ಸರಿಯಾಗಬೇಕು. ಆಗದಿರುವ ಉತಾರಗಳು ರಾಜ್ಯದಲ್ಲಿ ಎಷ್ಟೋ ಇವೆ. 3 ಮತ್ತು 9ನೇ ಕಾಲಂ ತಾಳೆಯಾಗುತ್ತಿಲ್ಲ ಎಂಬ ಮಾತನ್ನು ಕೇಳದ ರೈತನಾಗಲಿ, ತಹಶೀಲ್ದಾರ ಕಚೇರಿಯಾಗಲಿ ಸಿಗುವುದು ಕಷ್ಟ. ತಾಳೆಯಾಗದಿದ್ದರೆ ಹೊಲ ಮಾರಲಾಗದು, ಸಾಲ ಸಿಗದು, ವಾಟ್ನಿ, ಅಂದರೆ ಪಾಲು ವಿಭಾಗ, ಆಗದು.

ಈಗ ಮೂವರು ಅಣ್ಣತಮ್ಮಂದಿರನ್ನು ತೆಗೆದುಕೊಳ್ಳಿ. ಒಟ್ಟು 4 ಎಕರೆ 12 ಗುಂಟೆ, ಖರಾಬ್ 12 ಗುಂಟೆ, ಉಳಿದದ್ದು ಸರಿಯಾಗಿ 4 ಎಕರೆ. ಪಾಲು 1-13, 1-13, 1-14. ಗುಂಟೆ ಕೂಡಿದರೆ 40, ಅಂದರೆ ಒಂದು ಎಕರೆ. ಮೂರರ ಜೊತೆ ಸೇರಿ ನಾಲ್ಕು. ಹಿರಿಯರು ಕಟ್ಟೆಯ ಮೇಲೆ ಕೂತು ಬಾಯಲ್ಲೇ ಮಾಡುವ ಲೆಕ್ಕ. ಕಂಪ್ಯೂಟರಿನಲ್ಲಿ ಇವನ್ನು ದಶಮಾಂಶವೆಂದು ಕೂಡಿದರೆ 3.40 ಬರುತ್ತದೆ, ತಾಳೆಯಿಲ್ಲ ಎಂದು ಕೆಂಪು ಗುರುತು ಬೀಳುತ್ತದೆ. ಸರಿಯಿದ್ದ ಉತಾರ ತಪ್ಪಾಯಿತು. ಇದಕ್ಕೆ ತದ್ವಿರುದ್ಧದ್ದು ಇನ್ನೂ ಕೆಟ್ಟದ್ದು. ಪಾಲು 1-35, 1-35, 1-30 ಎಂದು ಯಾರೋ ತಪ್ಪಾಗಿ ಹೊಡೆದರು ಎನ್ನಿ. ದಶಮಾಂಶದಲ್ಲಿ ಕೂಡಿ: 4.00. ತಾಳೆಯಾಯಿತು, ಹಸಿರು ಗುರುತು! ನಿಜದ ಲೆಕ್ಕದಲ್ಲಿ ಮೂರು ಎಕರೆ ಮತ್ತು ನೂರು ಗುಂಟೆ, ಅಂದರೆ 5 ಎಕರೆ 20 ಗುಂಟೆ. ನಾಲ್ಕು ಎಕರೆಯ ಹೊಲದೊಳಗೆ ಒಂದೂವರೆ ಎಕರೆ ಹೆಚ್ಚಿಗೆ ಹುಟ್ಟಿತು. ಗಮನಿಸಿ, ಇಲ್ಲಿ ಪ್ರತಿ ಪಾಲಿನಲ್ಲೂ ಗುಂಟೆ 40ಕ್ಕಿಂತ ಕಡಿಮೆಯೇ ಇದೆ. ಎದುರುಪಕ್ಷದವರ ಆ ಸುಧಾರಿಸಿದ ಟೈಪೂ ಮೂರಕ್ಕೆ ಮೂರೂ ಪಾಸು ಮಾಡುತ್ತದೆ. ತಪ್ಪು ಯಾವ ಸಾಲಿನಲ್ಲೂ ಇಲ್ಲ, ಸಾಲುಗಳ ನಡುವೆ ಇದೆ. ಸಾಲುಗಳ ನಡುವೆ ಕಣ್ಣಾಡಿಸುವುದು ನಿಮ್ಮ ಅರೇ ಪರೀಕ್ಷೆಯ ಜಾಯಮಾನದಲ್ಲೇ ಇಲ್ಲ.

ಪಟ್ಟಿಯೊಳಗೆ ಒಂದು ಸಾಲು ಇನ್ನೊಂದರ ಹಣೆಬರಹ ಬದಲಿಸುತ್ತದೆ ಎಂಬುದು ಮಾಹಿತಿ ವಿಶ್ಲೇಷಣೆ ಮಾಡುವವರಿಗೆ ಗೊತ್ತಿರುವ ಸಂಗತಿ, ಗೊತ್ತಿದ್ದೂ ಮರೆಯುತ್ತಾರೆ. ಪಾಂಡಾಸ್‌ನಲ್ಲಿ ಖಾತೆ ನಂಬರುಗಳ ಕಾಲಂ ಓದಿಸಿ. ಎಲ್ಲ ತುಂಬಿದ್ದರೆ 112 ಪೂರ್ಣಾಂಕವಾಗಿಯೇ ಬರುತ್ತದೆ. ಒಂದೇ ಒಂದು ಕೋಶ ಖಾಲಿ ಇದ್ದರೆ ಇಡೀ ಕಾಲಂ ದಶಮಾಂಶಕ್ಕೆ ತಿರುಗಿ, 112 ಹೋಗಿ 112.0 ಆಗುತ್ತದೆ. ತನ್ನದೇನೂ ತಪ್ಪಿಲ್ಲದ ರೈತನ ಖಾತೆ ನಂಬರ್ ಪಕ್ಕದವನ ಖಾಲಿ ಕೋಶದಿಂದಾಗಿ ಬೇರೆಯಾಯಿತು. ನಂಪೈ ಅರೇಯೊಳಗೆ ಸಂಖ್ಯೆಗಳ ನಡುವೆ ಒಂದು ಅಕ್ಷರಮಾಲೆ, ಅಂದರೆ ಸ್ಟ್ರಿಂಗ್, ನುಸುಳಿದರೆ ಸಂಖ್ಯೆಗಳೆಲ್ಲ ಅಕ್ಷರಮಾಲೆಗಳಾಗುತ್ತವೆ. ಜಾವಾಸ್ಕ್ರಿಪ್ಟ್‌ನ ಯುಇಂಟ್8 ಅರೇಗೆ 300 ಹಾಕಿದರೆ 44 ಆಗಿ ಕೂರುತ್ತದೆ, ಒಂದು ಗೊಣಗಾಟವೂ ಇಲ್ಲ. ಟೈಪ್ ಇರುವ ಅರೇ ಎಂದು ಹೆಸರು ಬೇರೆ! ಟೈಪ್ ಅಲ್ಲಿ ಕಾವಲು ಕಾಯುತ್ತಿಲ್ಲ, ಬಂದದ್ದನ್ನು ತನ್ನ ಅಚ್ಚಿಗೆ ಕತ್ತರಿಸಿ ತುರುಕುತ್ತಿದೆ. ಝಾಡ್‌ನ ಕೋಅರ್ಸ್ ಬಳಸಿ ಖಾಲಿ ಅಕ್ಷರಮಾಲೆಯನ್ನು ನಂಬರ್ ಮಾಡಿಸಿದರೆ ಸೊನ್ನೆ ಸಿಗುತ್ತದೆ. ಗುಂಟೆ ಬರೆದಿಲ್ಲ ಎಂಬುದೂ ಗುಂಟೆ ಸೊನ್ನೆ ಎಂಬುದೂ ಒಂದೇ ಆಗಿಹೋಯಿತು. ಕಂದಾಯದ ಭಾಷೆಯಲ್ಲಿ ಈ ಎರಡರ ನಡುವೆ ಒಂದು ವ್ಯಾಜ್ಯದ ದೂರವಿದೆ.

ಕನ್ನಡದ ಅಂಕಿಗಳ ಕಥೆಯನ್ನೂ ಹೇಳಿಬಿಡುತ್ತೇನೆ. "೨೩" ಎಂದು ಕೊಟ್ಟರೆ ಪೈಥಾನ್‌ನ ಇಂಟ್ ಅದನ್ನು 23 ಎಂದು ಸಲೀಸಾಗಿ ಓದುತ್ತದೆ. ಜಾವಾಸ್ಕ್ರಿಪ್ಟ್‌ನ ನಂಬರ್‌ಗೆ ಅದು ಸಂಖ್ಯೆಯೇ ಅಲ್ಲ. ಒಂದೇ ಪಟ್ಟಿ ಪೈಥಾನ್ ಓಡುವ ಸರ್ವರಿನಲ್ಲಿ ಪಾಸು, ಜಾವಾಸ್ಕ್ರಿಪ್ಟ್ ಓಡುವ ಬ್ರೌಸರಿನಲ್ಲಿ ಫೇಲು.

ಹೆಸರುಗಳಿಗೆ ಬನ್ನಿ. ಒಬ್ಬನೇ ಮಾಲೀಕ ಎರಡು ಸಲ ಬರಬಾರದು ಎಂದು ಜೇಸನ್ ಸ್ಕೀಮಾದಲ್ಲಿ ಯುನೀಕ್ ಐಟಮ್ಸ್ ಹಾಕುತ್ತಾರೆ. ಅದು ಇಡೀ ಸಾಲನ್ನು ಸಾಲಿನ ಜೊತೆ ಹೋಲಿಸುತ್ತದೆ. ಅದರ ಕಣ್ಣಿಗೆ ಅಪ್ಪಾಸಾಹೇಬ, ಅಪ್ಪಾಸಾಬ, ಅಪ್ಪಾಸಾಹೇಬ್ ಮೂವರೂ ಬೇರೆ ಬೇರೆ ಮನುಷ್ಯರು. ಮರಾಠಿ ಬಾಯಲ್ಲಿ ಹುಟ್ಟಿ ಕನ್ನಡ ಕಾಗದದ ಮೇಲೆ ಬಂದ ಹೆಸರುಗಳ ಸೀಮೆ ಇದು, ಪ್ರತಿ ಕಚೇರಿಯಲ್ಲೂ ಕಾಗುಣಿತ ಒಂದೊಂದು. ಅದೂ ಹೋಗಲಿ, ಅಕ್ಷರ ಅಕ್ಷರಕ್ಕೂ ಒಂದೇ ಆಗಿ ಕಾಣುವ ಪಾಟೀಲ ಎಂಬ ಹೆಸರನ್ನೇ ನೋಡಿ. ಯುನಿಕೋಡಿನಲ್ಲಿ ದೀರ್ಘ ಈ-ಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಹ್ರಸ್ವ ಚಿಹ್ನೆಗೆ ದೀರ್ಘದ ಗುರುತು ಸೇರಿಸಿ ಎರಡು ಸಂಕೇತವಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ. ಮೊದಲೇ ಎರಡನ್ನೂ ಒಂದು ರೂಪಕ್ಕೆ ತಂದುಕೊಳ್ಳದಿದ್ದರೆ ಲೈಬ್ರರಿಗೆ ಎರಡೂ ಬೇರೆ. ಆ ಪಾಟೀಲನೂ ಈ ಪಾಟೀಲನೂ ಒಂದೇ ಹೊಲಕ್ಕೆ ಎರಡು ಪಾಲು ಪಡೆದು ಹಾಯಾಗಿರುತ್ತಾರೆ, ಪರೀಕ್ಷೆಯ ಮೇಲೆ ಹಸಿರು ಗುರುತೂ ಇರುತ್ತದೆ.

ಸರ್ವೆ ನಂಬರಿನ ತುಂಡುಗಳಿಗೆ ಕೊಡುವ ಹಿಸ್ಸಾ ನಂಬರುಗಳ ಗತಿಯೂ ಇಷ್ಟೆ. 12/1 ಎಂಬುದನ್ನು ಎಕ್ಸೆಲ್ ತಾರೀಖು ಎಂದುಕೊಳ್ಳುತ್ತದೆ, ತಾರೀಖಾಗಿ ಹೊಂದದ ನಂಬರುಗಳನ್ನು ಹಾಗೆಯೇ ಬಿಟ್ಟುಬಿಡುತ್ತದೆ. ಒಂದೇ ಕಾಲಂನಲ್ಲಿ ಅರ್ಧ ಹಿಸ್ಸಾ, ಅರ್ಧ ಪಂಚಾಂಗ. ವಿಜ್ಞಾನಿಗಳೇ ಈ ಕಾಟಕ್ಕೆ ಸೋತು 2020ರಲ್ಲಿ ಮನುಷ್ಯರ ಕೆಲವು ಜೀನುಗಳ ಹೆಸರನ್ನೇ ಬದಲಿಸಿದರು, ಮಾರ್ಚ್, ಸೆಪ್ಟೆಂಬರ್ ಎಂದು ಎಕ್ಸೆಲ್ ತಿರುಚದಿರಲಿ ಎಂದು. ನಮ್ಮ ರೈತ ಸರ್ವೆ ನಂಬರ್ ಬದಲಿಸಿಕೊಳ್ಳಲಾದೀತೇ?

ಅದೇ 2020ರ ಇಂಗ್ಲೆಂಡಿನ ಇನ್ನೊಂದು ಪ್ರಕರಣ ನನ್ನ ವಾದಕ್ಕೆ ಇದಕ್ಕಿಂತ ಹತ್ತಿರದ್ದು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ 15,841 ಕೊರೊನಾ ಪ್ರಕರಣಗಳು ಅಲ್ಲಿನ ಲೆಕ್ಕದಿಂದಲೇ ಬಿಟ್ಟುಹೋದವು. ಪ್ರಯೋಗಾಲಯಗಳ ಮಾಹಿತಿಯನ್ನು ಹಳೆಯ ಎಕ್ಸ್‌ಎಲ್‌ಎಸ್ ಕಡತಕ್ಕೆ ತುಂಬುತ್ತಿದ್ದರು, ಅದರಲ್ಲಿ 65,536 ಸಾಲುಗಳಿಗಿಂತ ಹೆಚ್ಚು ಹಿಡಿಯುವುದಿಲ್ಲ. ಉಳಿದವು ಉದುರಿದವು. ಆ ಕಡತದಲ್ಲಿ ಉಳಿದ ಒಂದೊಂದು ಸಾಲನ್ನೂ ಜಗತ್ತಿನ ಅತಿ ಕಟ್ಟುನಿಟ್ಟಿನ ಸ್ಕೀಮಾದಿಂದ ಜರಡಿ ಹಿಡಿದಿದ್ದರೂ ಎಲ್ಲವೂ ಪಾಸಾಗುತ್ತಿದ್ದವು. ಇಲ್ಲದ ಸಾಲು ಪರೀಕ್ಷೆಗೆ ಕೂರುವುದಿಲ್ಲವಲ್ಲ! ಪಟ್ಟಿಯಲ್ಲಿ ಎಷ್ಟು ಸಾಲು ಇರಬೇಕಿತ್ತು ಎಂದು ಕಳಿಸಿದವನೂ ಪಡೆದವನೂ ಒಂದು ಅಂಕಿ ತಾಳೆ ನೋಡಿಕೊಂಡಿದ್ದರೆ ಅಂದೇ ಗೊತ್ತಾಗುತ್ತಿತ್ತು. ಇದರ ತುತ್ತತುದಿ ಖಾಲಿ ಪಟ್ಟಿ. ಜಾವಾಸ್ಕ್ರಿಪ್ಟ್‌ನಲ್ಲಿ ಖಾಲಿ ಅರೇಯ ಮೇಲೆ, ಎಲ್ಲವೂ ಪಾಸೇ ಎಂದು ಕೇಳುವ ಎವ್ರಿ ಓಡಿಸಿದರೆ ಉತ್ತರ ಸತ್ಯ ಎಂದೇ ಬರುತ್ತದೆ. ತರ್ಕಶಾಸ್ತ್ರದಲ್ಲಿ ಅದು ಸರಿ. ಆದರೆ ಮಾಲೀಕರೇ ಇಲ್ಲದ ಉತಾರ, ಒಂದು ಹೆಸರೂ ಇಲ್ಲದ ನೆರೆ ಸಂತ್ರಸ್ತರ ಪಟ್ಟಿ ಯಾವ ಊರಿನಲ್ಲಿ ಸರಿ?

ಇನ್ನು ಎರಡನೆಯ ಮೌಢ್ಯ, ಮೊದಲನೆಯದರ ಬೆನ್ನಿಗೇ ಅಂಟಿಕೊಂಡಿರುವುದು: ಒಂದು ಸಾಲು ಕೆಟ್ಟರೆ ಇಡೀ ಪಟ್ಟಿ ತಳ್ಳಿಹಾಕು. ಇದನ್ನು ಶಿಸ್ತು ಎಂದು ಕರೆಯುತ್ತಾರೆ. ಝಾಡ್‌ನ ಪಾರ್ಸ್ ಅಂಥ ಪಟ್ಟಿ ಕಂಡರೆ ದೋಷ ಎಸೆಯುತ್ತದೆ. ಸೇಫ್ ಪಾರ್ಸ್ ದೋಷ ಎಸೆಯುವುದಿಲ್ಲ, ಆದರೆ ಸರಿಯಿದ್ದ 999 ಸಾಲುಗಳನ್ನೂ ಕೈಗೆ ಕೊಡುವುದಿಲ್ಲ. ಪ್ರೋಗ್ರಾಮರಿಗೆ ಇದು ಅನುಕೂಲ, ಅವನ ಮುಂದಿನ ಕೋಡ್ ಸ್ವಚ್ಛವಾಗಿರುತ್ತದೆ. ಆ ಪಟ್ಟಿ ಬೆಳೆ ಪರಿಹಾರದ್ದಾಗಿದ್ದರೆ? ಒಬ್ಬನ ಐಎಫ್‌ಎಸ್‌ಸಿ ಕೋಡಿನಲ್ಲಿ ಸೊನ್ನೆಯ ಜಾಗದಲ್ಲಿ ಓ ಅಕ್ಷರ ಬಿದ್ದಿದ್ದಕ್ಕೆ ಊರಿನ ಉಳಿದವರೆಲ್ಲ ಬ್ಯಾಂಕಿಗೆ ಅಲೆಯಬೇಕೇ?

ಹಾಗಾದರೆ ಕೆಟ್ಟದ್ದನ್ನು ಬಿಸಾಕಿ ಉಳಿದದ್ದನ್ನು ಒಳಗೆ ಬಿಡಿ ಎಂದರೆ, ಅದೂ ಎಲ್ಲೆಡೆ ಸರಿಯಲ್ಲ. 9ನೇ ಕಾಲಂನಲ್ಲಿ ಮೂರನೆಯ ತಮ್ಮನ ಸಾಲು ಕೆಟ್ಟಿದೆಯೆಂದು ಅದನ್ನು ಕೈಬಿಟ್ಟು ಇಬ್ಬರನ್ನೇ ಒಳಗೆ ಬಿಟ್ಟರೆ ಅದು ಮಾಹಿತಿ ಶುದ್ಧೀಕರಣವಲ್ಲ, ಒಬ್ಬನ ಹಕ್ಕು ಅಳಿಸಿದಂತೆ. ಪರಿಹಾರದ ಪಟ್ಟಿಯಲ್ಲಿ ಒಬ್ಬೊಬ್ಬರೂ ಸ್ವತಂತ್ರರು, ಒಬ್ಬರನ್ನು ಬದಿಗಿಟ್ಟು ಉಳಿದವರನ್ನು ಕಳಿಸಬಹುದು. ಪಾಲಿನ ಪಟ್ಟಿಯಲ್ಲಿ ಒಬ್ಬೊಬ್ಬರೂ ಇನ್ನೊಬ್ಬರಿಗೆ ಕಟ್ಟುಬಿದ್ದವರು. ಟೈಪ್ ಎರಡಕ್ಕೂ ಒಂದೇ ಇರಬಹುದು: ಹೆಸರು, ಖಾತೆ, ಕ್ಷೇತ್ರ. ಪಟ್ಟಿಯ ಜಾತಿ ಬೇರೆ. ಈ ಭೇದವನ್ನು ಲೈಬ್ರರಿ ತಾನೇ ತಿಳಿಯಲಾರದು, ಬರೆಯುವವನೇ ಹೇಳಬೇಕು. ಹೇಳಲು ಒಂದು ಸರಳ ಜಾಗವನ್ನಾದರೂ ಲೈಬ್ರರಿ ಕೊಡಬೇಕಲ್ಲ? ಝಾಡ್ ಕೊಟ್ಟಿರುವುದು ರಿಫೈನ್ ಎಂಬ ಹಿತ್ತಲ ಬಾಗಿಲು. ಅದಕ್ಕೂ ಒಂದು ಷರತ್ತು: ಒಳಗಿನ ಯಾವುದೋ ಒಂದು ಸಾಲು ಟೈಪಿನ ಪರೀಕ್ಷೆಯಲ್ಲಿ ಸೋತರೆ ಹೊರಗಿನ ರಿಫೈನ್ ಓಡುವುದೇ ಇಲ್ಲ. ರೈತ ಒಂದು ತಪ್ಪು ತಿದ್ದಿಸಿಕೊಂಡು ಬಂದ ಮೇಲೆ, ತಾಳೆಯೂ ಆಗುತ್ತಿಲ್ಲ ನೋಡಿ ಎಂದು ಎರಡನೆಯ ಸಲ ವಾಪಸು ಕಳಿಸುವ ವ್ಯವಸ್ಥೆ.

ಇದೆಲ್ಲ ವ್ಯವಹಾರದ ನಿಯಮ, ಲೈಬ್ರರಿಯ ಕೆಲಸವಲ್ಲ ಎಂಬುದು ಅವರ ಕೊನೆಯ ಬಾಣ. ನಾನು ಇದನ್ನು ಹಲವು ಬಾರಿ ಕೇಳಿದ್ದೇನೆ, ಪ್ರತಿಸಲವೂ ಹೇಳುವವರ ಮುಖದಲ್ಲಿ ಒಂದು ನೆಮ್ಮದಿ ಇರುತ್ತದೆ. ಲೈಬ್ರರಿಯವನು ಅಪ್ಲಿಕೇಶನ್‌ನವನ ಕಡೆ ಬೆರಳು ತೋರಿಸುತ್ತಾನೆ. ಅಪ್ಲಿಕೇಶನ್‌ನವನು ಸ್ಕೀಮಾ ಪಾಸಾಗಿದೆಯಲ್ಲ ಎಂದು ಸುಮ್ಮನಾಗುತ್ತಾನೆ. ಕೂಡುವ ಕೆಲಸ ಯಾರೂ ಮಾಡುವುದಿಲ್ಲ. ಪಟ್ಟಿಯನ್ನು ಒಂದು ಸಲ ಸುತ್ತಿದರೆ ಮುಗಿಯುವ ಕೆಲಸ, ದುಬಾರಿ ಎಂಬ ನೆಪವೂ ಇಲ್ಲ. ಈ ಮಂದಿ ಮಂತ್ರದಂತೆ ಜಪಿಸುವುದು ಪ್ರೋಗ್ರಾಮರ್ ಅಲೆಕ್ಸಿಸ್ ಕಿಂಗ್ 2019ರಲ್ಲಿ ಬರೆದ ಲೇಖನವನ್ನು: ಬರೀ ಪರೀಕ್ಷಿಸಿ ಬಿಟ್ಟುಬಿಡಬೇಡಿ, ಪರೀಕ್ಷೆಯಲ್ಲಿ ತಿಳಿದದ್ದನ್ನು ಟೈಪಿನಲ್ಲೇ ಹಿಡಿದಿಡಿ ಎಂಬುದು ಅದರ ತಿರುಳು. ಉತ್ತಮ ಲೇಖನ. ಆದರೆ ಆಕೆ ಅಲ್ಲಿ ಕೊಟ್ಟ ಮುಖ್ಯ ಉದಾಹರಣೆ ಯಾವುದು? ಖಾಲಿಯಲ್ಲದ ಪಟ್ಟಿ. ಒಂದು ಸಾಲಿನ ಗುಣವಲ್ಲ ಅದು, ಪಟ್ಟಿಯ ಗುಣ. ಜಪಿಸುವವರು ಮಂತ್ರ ಇಟ್ಟುಕೊಂಡು ಉದಾಹರಣೆ ಬಿಟ್ಟರು. ಆಕೆಯ ದಾರಿಯಲ್ಲೇ ಹೋಗುವುದಾದರೆ ತಾಳೆಯಾದ ಪಾಲುಪಟ್ಟಿ ಎಂಬುದೇ ಒಂದು ಟೈಪ್ ಆಗಬೇಕು. ಮಾಲೀಕರ ಅರೇ ಅದಾಗಲು 3ನೇ ಕಾಲಂ ಜೊತೆ ಕೂಡಿ ನೋಡದೆ ಬೇರೆ ದಾರಿಯೇ ಇರಬಾರದು.

ಬಿಡಿಯಾಗಿ ಎಲ್ಲವೂ ಸರಿ, ಕೂಡಿಸಿದರೆ ತಪ್ಪು ಎಂಬ ಮಾತು ಊರಿನ ಹೆಸರಿಗೂ ಸಲ್ಲುತ್ತದೆ. ಶಿರಗುಪ್ಪಿ ಮೊದಲು ಅಥಣಿ ತಾಲೂಕಿನಲ್ಲಿತ್ತು, ಈಗ ಕಾಗವಾಡದ್ದು. ತಾಲೂಕುಗಳ ಪಟ್ಟಿಯಲ್ಲಿ ಅಥಣಿಯೂ ಇದೆ, ಹಾಗಾಗಿ ಶಿರಗುಪ್ಪಿ, ಅಥಣಿ ಎಂದು ಬಂದ ಸಾಲು ಇಂದಿಗೂ ಪಾಸು. ಊರು ಮಾನ್ಯ, ತಾಲೂಕು ಮಾನ್ಯ, ಜೋಡಿ ಹಳತು.

ಕೊನೆಗೆ ದೋಷದ ಸಂದೇಶ. ಲೈಬ್ರರಿಗಳು ತಪ್ಪು ಎಲ್ಲಿದೆ ಎಂದು ದಾರಿ ತೋರಿಸುತ್ತವೆ, ಅದು ಮೆಚ್ಚತಕ್ಕದ್ದೇ. ಆದರೆ ಆ ದಾರಿ ಓನರ್ಸ್, 2, ಗುಂಟಾ ಎಂದಿರುತ್ತದೆ, ನಂಬರ್ ಬೇಕಿತ್ತು, ಸ್ಟ್ರಿಂಗ್ ಬಂದಿದೆ ಎಂದಿರುತ್ತದೆ. ಅರೇಯಲ್ಲಿ ಎಣಿಕೆ ಸೊನ್ನೆಯಿಂದ ಶುರು, ಹಾಗಾಗಿ 2 ಅಂದರೆ ಮೂರನೆಯವನು. ತಿದ್ದುವ ಕೆಲಸ ನಡೆಯುವುದು ಊರಿನ ತಲಾಟಿ, ತಹಶೀಲ್ದಾರರ ಮೂಲಕ. ಅವರ ಕೈಗೆ ಈ ಸಂದೇಶ ಸಿಕ್ಕರೆ ಎರಡನೆಯ ಹೆಸರನ್ನೇ ನೋಡುತ್ತಾರೆ, ಅದು ಸರಿಯಾಗಿಯೇ ಇರುತ್ತದೆ, ಅರ್ಜಿ ಮೇಜಿನ ಮೇಲೆ ಉಳಿಯುತ್ತದೆ. 9ನೇ ಕಾಲಂ, ಮೂರನೆಯ ಹೆಸರು, ಗುಂಟೆ ಬರೆದಿಲ್ಲ. ಉಳಿದ ಇಬ್ಬರ ಪಾಲು ಕೂಡಿ 2 ಎಕರೆ 26 ಗುಂಟೆ, 3ನೇ ಕಾಲಂ ಪ್ರಕಾರ 4 ಎಕರೆ ಆಗಬೇಕಿತ್ತು. ಇಷ್ಟನ್ನು ಕನ್ನಡದಲ್ಲಿ ಬರೆದು ಕೊಟ್ಟರೆ ಬಾಕಿ ಇರುವುದು 1 ಎಕರೆ 14 ಗುಂಟೆ ಎಂದು ತಲಾಟಿಗೆ ಅಲ್ಲೇ ಗೊತ್ತಾಗುತ್ತದೆ, ಹಳೆಯ ವಾಟ್ನಿಪತ್ರ ತೆಗೆಸಿ ಅದನ್ನು ಖಾತ್ರಿ ಮಾಡಿಕೊಳ್ಳುವುದಷ್ಟೇ ಉಳಿಯುತ್ತದೆ. ಅದನ್ನು ಹೇಳಲು ಬೇಕಾದ ಅಂಕಿಗಳೆಲ್ಲ ಲೈಬ್ರರಿಯ ಕೈಯಲ್ಲೇ ಇದ್ದವು.